ವಿಶ್ವವಿದ್ಯಾಲಯದ ಆಡಳಿತ ಕೆಲಸ ಬಿಟ್ಟ ಮೇಲೆ ಫ್ರೀಲಾನ್ಸ್ ಬರವಣಿಗೆ, ಎಡಿಟಿಂಗ್ ಹೇಗೆ ಶುರು ಮಾಡಬೇಕು?

ವರ್ಷಗಟ್ಟಲೆ ಸುತ್ತೋಲೆ, ನಡಾವಳಿ, ವಾರ್ಷಿಕ ವರದಿ ಬರೆದ ಕೈ ಫ್ರೀಲಾನ್ಸ್ ಕೆಲಸಕ್ಕೆ ಒಗ್ಗುತ್ತದೆಯೇ, ದರ ಹೇಗೆ ಹೇಳಬೇಕು ಅಂತ ಕೇಳಿದ್ದೀರಿ. ಖಂಡಿತ ಒಗ್ಗುತ್ತದೆ. ಆದರೆ ಮೊದಲು ಕಚೇರಿ ಭಾಷೆ ಬಿಡಬೇಕು.

'ಅರ್ಜಿಗಳನ್ನು ನಿಗದಿತ ದಿನಾಂಕದೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸದರಿ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.' ಕಡತದಲ್ಲಿ ಈ ವಾಕ್ಯ ನಡೆಯುತ್ತದೆ. ಯಾರು ಪರಿಗಣಿಸುವುದಿಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಓದುಗರಿಗೆ ಬರೆಯುವಾಗ 'ಕೊನೆಯ ದಿನದೊಳಗೆ ಅರ್ಜಿ ಕೊಡಿ. ತಡವಾಗಿ ಬಂದದ್ದನ್ನು ನಾವು ತೆಗೆದುಕೊಳ್ಳುವುದಿಲ್ಲ' ಅಂದರೆ ಸಾಕು. ನೀವು ಬರೆದದ್ದರಲ್ಲಿ 'ಸದರಿ', 'ಮೇಲ್ಕಂಡ', 'ತಕ್ಕದ್ದು', 'ಲಾಗಿದೆ', 'ಲಾಗುವುದು' ಇವನ್ನು ಹುಡುಕಿ, ಒಂದೊಂದಕ್ಕೂ ಕರ್ತೃ ಯಾರು ಅಂತ ಕೇಳಿಕೊಳ್ಳಿ. ಇದೇ ಒಳ್ಳೆಯ ಅಭ್ಯಾಸ.

ನಿಮ್ಮ ನಿಜವಾದ ಬಂಡವಾಳ ಬೇರೆ ಇದೆ. ಸಮಿತಿಯವರು ವರದಿಯನ್ನು ಹೇಗೆ ಓದುತ್ತಾರೆ, ಕೋಷ್ಟಕದ ಮೊತ್ತ ಪಠ್ಯದಲ್ಲಿರುವ ಮೊತ್ತಕ್ಕೆ ತಾಳೆಯಾಗದಿದ್ದರೆ ಏನಾಗುತ್ತದೆ, ನಿಯಮದ ಉಪಖಂಡ ಒಂದನ್ನು ತೆಗೆದರೆ ಎಲ್ಲೆಲ್ಲಿ ಸಂಖ್ಯೆ ಬದಲಾಗಬೇಕು ಎಂಬುದು ನಿಮಗೆ ಗೊತ್ತು. ಹಾಗಾಗಿ ಅನುದಾನದ ಪ್ರಸ್ತಾವನೆ, ಸ್ವಮೌಲ್ಯಮಾಪನ ವರದಿ, ಕೈಪಿಡಿಗಳಿಂದ ಶುರು ಮಾಡಿ. ಕಾದಂಬರಿ ಎಡಿಟಿಂಗ್ ಆಮೇಲೆ ನೋಡೋಣ.

ಈಗ ದರ. ಹಸ್ತಪ್ರತಿ ನೋಡದೆ ಮೊತ್ತ ಹೇಳಲೇಬೇಡಿ. ಅದರ ನಡುಭಾಗದಿಂದ 1,000 ಪದ ಆರಿಸಿ. ಮೊದಲ ಪುಟಗಳನ್ನು ಎಲ್ಲರೂ ನಾಲ್ಕು ಸಲ ತಿದ್ದಿರುತ್ತಾರೆ, ಅದನ್ನು ನಂಬಿದರೆ ಲೆಕ್ಕ ತಪ್ಪುತ್ತದೆ. ಗಡಿಯಾರ ಇಟ್ಟುಕೊಂಡು ತಿದ್ದಿ. 75 ನಿಮಿಷ ಹಿಡಿಯಿತು ಅನ್ನಿ: ಹಸ್ತಪ್ರತಿ 40,000 ಪದದ್ದಾದರೆ 50 ಗಂಟೆ. ಎರಡನೇ ಓದು, ಪತ್ರವ್ಯವಹಾರಕ್ಕೆ ಶೇ. 20 ಸೇರಿಸಿದರೆ 60. ಇದನ್ನು ಗಂಟೆಯ ದರದಿಂದ ಗುಣಿಸಿ. ಇಂಗ್ಲಿಷ್ ಪಠ್ಯಕ್ಕೆ ಮಾಡಿದ ಲೆಕ್ಕವನ್ನು ಕನ್ನಡಕ್ಕೆ ಹಚ್ಚಬೇಡಿ. ವಿಭಕ್ತಿ, ಸಂಧಿಗಳಿಂದಾಗಿ ನಮ್ಮ ಪದಗಳು ಉದ್ದ, ಅಷ್ಟೇ ಪದಗಳಿಗೆ ಹೆಚ್ಚು ಹೊತ್ತು ಬೇಕು.

ಗಂಟೆಯ ದರಕ್ಕೆ ಹಳೆಯ ಸಂಬಳವನ್ನು ಗಂಟೆಗಳಿಂದ ಭಾಗಿಸುವುದು ಹಲವರು ಮಾಡುವ ತಪ್ಪು. ರಜೆ, ಕಂಪ್ಯೂಟರ್, ಕರೆಂಟು, ಇಂಟರ್ನೆಟ್ ಎಲ್ಲವನ್ನೂ ಆಗ ಕಚೇರಿ ಕೊಡುತ್ತಿತ್ತು. ದಿನಕ್ಕೆ 5 ಗಂಟೆ ಮೀರಿ ತಿದ್ದಿದರೆ ಕಣ್ಣು ತಪ್ಪುಗಳನ್ನು ದಾಟಿಕೊಂಡು ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಿ: ಪದಗಳ ಸಂಖ್ಯೆ, ಕೊನೆಯ ದಿನ, ಎಷ್ಟು ಸುತ್ತು ತಿದ್ದುಪಡಿ, ಉಲ್ಲೇಖಗಳ ಪಟ್ಟಿ ಸೇರಿದೆಯೋ ಇಲ್ಲವೋ, ಅರ್ಧ ಮುಂಗಡ. 'ಇನ್ನೊಂದು ಸಲ ನೋಡಿಬಿಡಿ' ಎಂಬ ಮಾತಿಗೆ ಮಿತಿ ಇಲ್ಲದಿದ್ದರೆ ಕೆಲಸ ಮುಗಿಯುವುದೇ ಇಲ್ಲ.

ಕೆಲಸ ಮಾಡುವಾಗ ಮೂಲ ಫೈಲ್ ಮುಟ್ಟದೆ ಅದರ ಒಂದು ನಕಲು ಮಾಡಿಕೊಂಡು, ವರ್ಡ್‌ನ ಟ್ರ್ಯಾಕ್ ಚೇಂಜಸ್ (ಪ್ರತಿ ತಿದ್ದುಪಡಿಯನ್ನೂ ಗುರುತಿಸಿ ತೋರಿಸುವ ಸೌಲಭ್ಯ) ಹಾಕಿಯೇ ಮೊದಲ ಅಕ್ಷರ ತಿದ್ದಿ. ಪಕ್ಕದಲ್ಲಿ ಶೈಲಿಪಟ್ಟಿ ಇರಲಿ: 'ವಿಶ್ವವಿದ್ಯಾಲಯ'ವೋ 'ವಿಶ್ವವಿದ್ಯಾನಿಲಯ'ವೋ, ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ, ಒಮ್ಮೆ ತೀರ್ಮಾನಿಸಿ ಬರೆದುಕೊಳ್ಳಿ. ಆದರೆ 'ಎಲ್ಲವನ್ನೂ ಬದಲಿಸು' ಒತ್ತಬೇಡಿ. ಸಂಸ್ಥೆಯ ಅಧಿಕೃತ ಹೆಸರಿನೊಳಗಿರುವ ರೂಪವೂ ಬದಲಾಗಿಬಿಡುತ್ತದೆ. ಹಳೆಯ ಫಾಂಟಿನ ಫೈಲನ್ನು ಯೂನಿಕೋಡ್‌ಗೆ ತಂದಿದ್ದರೆ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು. ಅವಕ್ಕಾಗಿಯೇ ಪ್ರತ್ಯೇಕ ಓದು ಇಟ್ಟುಕೊಳ್ಳಿ.

ಸಂಶೋಧನ ಪ್ರಬಂಧದ ಕೆಲಸ ಬಂದರೆ ಭಾಷೆ, ಏಕರೂಪತೆ, ಉಲ್ಲೇಖದ ಕ್ರಮ ಇಷ್ಟಕ್ಕೇ ನಿಲ್ಲಿ. ಮಾರ್ಗದರ್ಶಕರ ಒಪ್ಪಿಗೆಯನ್ನು ಲಿಖಿತವಾಗಿ ಕೇಳಿ. ವಾದವನ್ನು ನೀವು ಬರೆದುಕೊಟ್ಟರೆ ಪದವಿ ಹೋಗುವುದು ವಿದ್ಯಾರ್ಥಿಯದು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ.

ಮಾದರಿ ತೋರಿಸಲು ಕಚೇರಿಯ ಆಂತರಿಕ ಕಡತಗಳನ್ನು ಬಳಸಬೇಡಿ, ಅವು ನಿಮ್ಮವಲ್ಲ. ಸಾರ್ವಜನಿಕವಾಗಿ ಪ್ರಕಟವಾದ ಸೂಚನೆಯೊಂದನ್ನು ತಿದ್ದಿ, ಮೊದಲಿನದ್ದು ಎಡಕ್ಕೆ, ತಿದ್ದಿದ್ದು ಬಲಕ್ಕೆ ಇಟ್ಟು ಎರಡು ಪುಟ ಸಿದ್ಧಮಾಡಿ. ಕೆಲಸ ಕೇಳುವಾಗ ಬಯೋಡೇಟಾದ ಬದಲು ಅದನ್ನು ಕಳಿಸಿ.