ನಮ್ಮ ಕುದುರೆ ಮುಂಗಾಲಲ್ಲಿ ಕುಂಟುತ್ತಿದೆ, ಊತ ಇಲ್ಲ. ಭುಜಕ್ಕೆ ಯಾವ ಎಣ್ಣೆ ಹಚ್ಚಲಿ?

ಯಾವ ಎಣ್ಣೆಯೂ ಬೇಡ. ಭುಜವೇ ಅಂತ ಹೇಳಿದವರು ಯಾರು? ಮೈಸೂರಿನಲ್ಲಿ ನಮ್ಮಪ್ಪನ ಟಾಂಗಾ ಇದ್ದಾಗ ನಾನೂ ಹೀಗೇ ಎಣ್ಣೆ ತಿಕ್ಕಿದ್ದೆ, ಅದೂ ಚೆನ್ನಾಗಿದ್ದ ಕಾಲಿಗೆ.

ಹೊಸ ಲಾಳ ಹೊಡೆಸಿದ ಮೇಲೆ ಕುದುರೆ ಕುಂಟತೊಡಗಿತು. ತಮ್ಮನ ಕೈಗೆ ಹಗ್ಗ ಕೊಟ್ಟು ಡಾಂಬರು ರಸ್ತೆಯಲ್ಲಿ ಓಡಿಸಿ ನೋಡಿದೆ. ಬಲಗಾಲು ಊರಿದಾಗಲೆಲ್ಲ ತಲೆ ಕೆಳಗಿಳಿಯುತ್ತಿತ್ತು. ನೋವಿಗೆ ಬಗ್ಗುತ್ತಿದೆ, ಬಲಗಾಲೇ ಕೆಟ್ಟಿದೆ ಅಂದುಕೊಂಡೆ. ಪೂರ್ತಿ ಉಲ್ಟಾ! ನೋಯುವ ಮುಂಗಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಎತ್ತುತ್ತದೆ, ಆ ಕಾಲಿನ ಮೇಲೆ ಭಾರ ಬೀಳದಿರಲಿ ಅಂತ. ಒಳ್ಳೆಯ ಕಾಲು ಊರಿದಾಗ ಭಾರವನ್ನೆಲ್ಲ ಅದರ ಮೇಲೆ ಹಾಕಿ ತಲೆ ಇಳಿಸುತ್ತದೆ. ತಲೆ ಇಳಿದರೆ ಒಳ್ಳೆಯ ಕಾಲು, ಎದ್ದರೆ ನೋವಿನ ಕಾಲು. ಆದರೆ ನಮ್ಮ ಕಣ್ಣಿಗೆ ಮೊದಲು ಬೀಳೋದು ಇಳಿಯೋದೇ. ಅಲ್ಲೇ ನಾನು ಮೋಸಹೋದದ್ದು.

ನಾನು ಬಲಭುಜ ತಿಕ್ಕುತ್ತಿದ್ದರೆ ಎಡಗೊರಸಿನೊಳಗೆ ಕೀವು ತುಂಬುತ್ತಿತ್ತು. ಲಾಳದ ಮೊಳೆ ಒಳಗಿನ ಸೂಕ್ಷ್ಮ ಭಾಗಕ್ಕೆ ಚುಚ್ಚಿತ್ತು. ಹೊರಬರಲು ದಾರಿ ಇಲ್ಲದ ಕೀವು ಮೇಲೇರಿ, ಗೊರಸು ಮುಗಿದು ಕೂದಲು ಶುರುವಾಗುವ ಅಂಚಿನಲ್ಲಿ ಒಡೆಯಿತು. ಡಾಕ್ಟರು ಲಾಳ ಕಿತ್ತು, ದೊಡ್ಡ ಇಕ್ಕಳದಂಥ ಹೂಫ್ ಟೆಸ್ಟರ್‌ನಿಂದ ಗೊರಸಿನ ತಳವನ್ನು ಸುತ್ತಲೂ ಅಮುಕುತ್ತಾ ಬಂದರು. ಒಂದು ಮೊಳೆಯ ತೂತಿನ ಹತ್ತಿರ ಬಂದಾಗ ಕುದುರೆ ಕಾಲು ಕಿತ್ತುಕೊಂಡಿತು. ಅಲ್ಲಿ ಕೆರೆದರೆ ಕಪ್ಪು ನೀರು, ಅಬ್ಬಾ ಆ ವಾಸನೆ! ಆ ದಸರಾ ಪೂರ್ತಿ ಗಾಡಿ ಕಟ್ಟಲಿಲ್ಲ. ನಮ್ಮಂಥವರಿಗೆ ದಸರಾ ಅಂದರೆ ದುಡಿಮೆಯ ಕಾಲ, ಅಪ್ಪ ಬೈಯಲೂ ಇಲ್ಲ.

ಮೈಭಾರದಲ್ಲಿ ಸುಮಾರು 60% ಮುಂಗಾಲುಗಳ ಮೇಲೇ ಇರುತ್ತದೆ. ಮುಂಗಾಲು ಕುಂಟಿದರೆ ಹೆಚ್ಚಿನ ಸಲ ತೊಂದರೆ ಗೊರಸಿನಲ್ಲೇ. ನೀವು ಲಾಳ ಹೊಡೆಸಿದ್ದು ಯಾವಾಗ? ಎರಡೂ ಗೊರಸು ಮುಟ್ಟಿ ಯಾವುದು ಬಿಸಿ ನೋಡಿ. ಗೊರಸಿನ ಮೇಲಿನ ಗೆಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಸಿಗುತ್ತದೆ, ಕೀವಿದ್ದ ಕಡೆ ಜೋರಾಗಿ ಬಡಿಯುತ್ತದೆ. ಗಟ್ಟಿಯಾದ ಸಮನೆಲದಲ್ಲಿ ನೇರವಾಗಿ ಟ್ರಾಟ್ ಮಾಡಿಸಿ, ಅಂದರೆ ನಡಿಗೆಗಿಂತ ಜೋರಾದ ಸಣ್ಣ ಓಟ. ಹಗ್ಗ ಸಡಿಲ ಇರಲಿ, ಬಿಗಿ ಹಿಡಿದರೆ ತಲೆ ಆಡೋದು ಗೊತ್ತಾಗಲ್ಲ. ನೋವಿನ ಇಂಜೆಕ್ಷನ್ ಕೊಟ್ಟು ಆಮೇಲೆ ನೋಡೋದು ಸುಮ್ನೆ ದಂಡ.

ಹಿಂಗಾಲು ನೋಯುತ್ತಿದ್ದರೂ ಕೆಲವು ಸಲ ಅದೇ ಪಕ್ಕದ ಮುಂಗಾಲು ಕುಂಟಿದ ಹಾಗೆ ತಲೆ ಆಡುತ್ತದೆ. ಅದಕ್ಕೇ ಹಿಂದೆ ನಿಂತೂ ನೋಡಿ. ಯಾವ ಕಡೆಯ ಸೊಂಟದ ಮೂಳೆ ಜಾಸ್ತಿ ಏರಿಳಿಯುತ್ತದೋ ಆ ಕಡೆಯ ಕಾಲಿನ ಮೇಲೆ ಅನುಮಾನ ಇಡಿ.

ಮೊಳೆ ಚುಚ್ಚಿದ್ದೇ ಆದರೆ ಡಾಕ್ಟರ ಹತ್ತಿರ ಟಿಟಿ ಇಂಜೆಕ್ಷನ್ ಕೇಳಿ ಹಾಕಿಸಿ. ಧನುರ್ವಾಯು ಕುದುರೆಗಳಿಗೆ ಬಹಳ ಬೇಗ ತಗಲುತ್ತದೆ.