ಮಂಡ್ಯದಲ್ಲಿ ನಡೆಯುವ, ಭವಿಷ್ಯದ ಸೇಡಿನ ಕಾದಂಬರಿಯನ್ನು ಓದುಗರು ನಂಬುವಂತೆ ಬರೆಯುವುದು ಹೇಗೆ?

ನಿಮ್ಮ ಕಥೆ ಇಷ್ಟು: 2090ರ ಮಂಡ್ಯ, ನೀರೆಲ್ಲ ಒಂದು ಕಂಪನಿಯ ಕೈಯಲ್ಲಿ, ಬೆಳೆ ಒಣಗಿ ಅಪ್ಪನನ್ನು ಕಳೆದುಕೊಂಡ ನಾಯಕ ಕೊನೆಗೆ ಕನ್ನಂಬಾಡಿ ಕಟ್ಟೆಯನ್ನೇ ಸ್ಫೋಟಿಸುತ್ತಾನೆ. ಆ ಸ್ಫೋಟವೊಂದನ್ನು ಬಿಟ್ಟರೆ ಉಳಿದದ್ದನ್ನೆಲ್ಲ ನಾನು ನಂಬುತ್ತೇನೆ. ಕಟ್ಟೆ ಒಡೆದರೆ ಮೊದಲು ಮುಳುಗುವುದು ಶ್ರೀರಂಗಪಟ್ಟಣ, ಕಂಪನಿಯಲ್ಲ.

ನಮ್ಮದು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಜಮೀನು. ನನಗೆ ಹನ್ನೆರಡು ವರ್ಷವಿದ್ದಾಗ ಸರದಿಯ ಮೇಲೆ ನೀರು ಬಿಡುವ ಕಟ್ಟು ನೀರಿನ ಒಂದು ರಾತ್ರಿ ಅಪ್ಪನ ಜೊತೆ ಗದ್ದೆಗೆ ಹೋಗಿದ್ದೆ. ಸರದಿ ನಮ್ಮದೇ, ಆದರೆ ಎರಡು ಗಂಟೆಯಾದರೂ ಕಾಲುವೆಯ ತಳ ಒದ್ದೆಯಾಗಲಿಲ್ಲ. ಬ್ಯಾಟರಿ ಹಿಡಿದು ಮೇಲಕ್ಕೆ ನಡೆದೆವು. ಯಾರೋ ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಕಾಲುವೆಗೆ ಅಡ್ಡ ಇಟ್ಟು, ನೀರನ್ನೆಲ್ಲ ತಮ್ಮ ತೂಬಿಗೆ ತಿರುಗಿಸಿಕೊಂಡಿದ್ದರು. ಅಪ್ಪ ಮಂಡಿಯುದ್ದ ನೀರಿಗಿಳಿದು ಒಂದೊಂದೇ ಚೀಲ ಎತ್ತಿ ದಡಕ್ಕೆ ಹಾಕಿದರು. ಕೊನೆಯದೊಂದನ್ನು ಮಾತ್ರ ಹಾಗೇ ಬಿಟ್ಟರು. ‘ಅವನದ್ದೂ ಒಟ್ಲು ಒಣಗುತ್ತದೆ’ ಎಂದರು. ಒಟ್ಲು ಎಂದರೆ ಭತ್ತದ ಸಸಿಮಡಿ. ಆ ಒಂದು ಚೀಲದ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ನಿಮ್ಮ ನಾಯಕನಿಗೆ ಬೇಕಾಗಿರುವುದು ಆ ಅಳತೆಯ ಸಿಟ್ಟು.

ಕಲ್ಪನೆಗೂ ದೂರ ಹೋಗಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಜಲಪಾತದ ಸದ್ದು ಕೇಳಿಸುವ ಹಳ್ಳಿಗಳಲ್ಲಿ ಆಗ ಉರಿಯುತ್ತಿದ್ದುದು ಬುಡ್ಡಿ ದೀಪ. ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದೀಚೆಗೆ ಕಾವೇರಿ ನೀರು ಬೆಂಗಳೂರಿಗೆ ಹೋಗುತ್ತಿದೆ. ಮೂರು ಹಂತಗಳಲ್ಲಿ ಪಂಪು ಮಾಡಿ, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ. ನೀರು ತಗ್ಗಿಗೆ ಹರಿಯುತ್ತದೆ ಎಂದು ಶಾಲೆಯಲ್ಲಿ ಕಲಿತ ಹುಡುಗನಿಗೆ ಆ ಕೊಳವೆಗಳನ್ನು ತೋರಿಸಿ, ಅಲ್ಲಿಂದ ಕಥೆ ಶುರುಮಾಡಿ.

ಖಳನಾಯಕ ಬೇಡ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಜಾಗದಲ್ಲಿ ಒಂದು ಯಂತ್ರವನ್ನು ಕೂರಿಸಿ: ಯಾರ ಬೆಳೆಗೆ ಹೆಚ್ಚು ಬೆಲೆಯೋ ಅವರ ತೂಬು ಮೊದಲು. ಅದು ಲಂಚ ಮುಟ್ಟುವುದಿಲ್ಲ, ಸುಳ್ಳು ಹೇಳುವುದಿಲ್ಲ. ಕಾಲು ಹಿಡಿದು ಬೇಡಿಕೊಳ್ಳೋಣವೆಂದರೆ ಅದಕ್ಕೆ ಕಾಲೂ ಇಲ್ಲ.

ಸೇಡಿಗೆ ನಾಯಕ ಪಂಪುಗಳನ್ನು ನಿಲ್ಲಿಸಲಿ. ಆದರೆ ನಗರದಲ್ಲಿ ಮೊದಲು ಒಣಗುವ ನಲ್ಲಿ ಯಾರದು? ದೊಡ್ಡ ಮನೆಗಳಲ್ಲಿ ತೊಟ್ಟಿಗಳಿವೆ, ಟ್ಯಾಂಕರ್ ಬರುತ್ತದೆ. ಅಲ್ಲಿ ಮನೆಗೆಲಸಕ್ಕೆ ಹೋಗಿರುವ ಅವನ ಅಕ್ಕ ವಠಾರದ ನಲ್ಲಿಯ ಕೆಳಗೆ ಖಾಲಿ ಕೊಡವಿಟ್ಟು ಕುಳಿತಿರುತ್ತಾಳೆ. ಮೂರನೆಯ ದಿನ ಊರಿಗೆ ಫೋನ್ ಮಾಡುತ್ತಾಳೆ, ‘ಅಲ್ಲಾದರೂ ನೀರಿದೆಯೇನೋ ತಮ್ಮ?’ ಅಂತ. ಅವನ ಕೈ ಆಗ ಪಂಪಿನ ಗುಂಡಿಯ ಮೇಲಿರಲಿ. ಆ ಅಧ್ಯಾಯವನ್ನು ಬರೆದ ದಿನ ನನಗೂ ಕಳುಹಿಸಿ, ಓದಲು ಕಾಯುತ್ತಿರುತ್ತೇನೆ.