ಕಳವಾದದ್ದು ‘ಕಳೆದುಹೋದದ್ದು’ ಆಗುವುದು ಹೇಗೆ?

ಠಾಣೆ, ಕೋರ್ಟು ಮತ್ತು ಅವುಗಳ ಅಂಕಿಸಂಖ್ಯೆಯ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿವು. ಎರಡೂ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ಸರ್ಕಾರಿ ಅಭಿಯೋಜಕರಾಗಿದ್ದು ನಿವೃತ್ತರಾದವರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಮೈಸೂರಿನ ಸಿಟಿ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಮಗನ ಜೇಬಿನಿಂದ ಫೋನ್ ಎಗರಿಸಿದರು. ಕೊಂಡು ಎಂಟು ತಿಂಗಳಾಗಿತ್ತು, 18,000 ರೂಪಾಯಿಯದು. ಠಾಣೆಗೆ ಹೋದರೆ, ‘ಕಳ್ಳತನ ಅಂತ ಯಾಕಮ್ಮಾ ಬರೀತೀರಿ, ಆಮೇಲೆ ಕೋರ್ಟು ಕಚೇರಿ ಅಂತ ಅಲೀಬೇಕಾಗುತ್ತೆ. ಇ-ಲಾಸ್ಟ್‌ನಲ್ಲಿ ಹಾಕ್ಬಿಡಿ’ ಅಂದರು. ಕಳೆದುಹೋದ ವಸ್ತುಗಳನ್ನು ವರದಿ ಮಾಡುವ ಪೊಲೀಸರ ಆ ಆನ್‌ಲೈನ್ ಸೇವೆಯಲ್ಲಿ ಹಾಗೇ ಹಾಕಿ ಬಂದೆ. ಇಲಾಖೆಯಲ್ಲಿರುವ ನಮ್ಮ ನೆಂಟರೊಬ್ಬರು, ‘ಕ್ರೈಂ ಮೀಟಿಂಗ್‌ನಲ್ಲಿ ಲೆಕ್ಕ ಕೇಳ್ತಾರೆ, ಅದಕ್ಕೇ’ ಎನ್ನುತ್ತಾರೆ. ನಿಜವೇ? ಈಗ ಏನಾದರೂ ಮಾಡಬಹುದೇ?
— ಗೃಹಿಣಿ, ಕುವೆಂಪುನಗರ

ಉತ್ತರ: ನಿಮ್ಮ ನೆಂಟರ ಮಾತಿನಲ್ಲಿ ಹುರುಳಿದೆ ಅಮ್ಮ. ತಿಂಗಳ ಕ್ರೈಂ ಮೀಟಿಂಗ್‌ಗೆ ಪ್ರತಿ ಠಾಣೆಯ ಇನ್‌ಸ್ಪೆಕ್ಟರ್ ಒಂದು ಪಟ್ಟಿ ಹಿಡಿದು ಹೋಗುತ್ತಾರೆ. ಎಷ್ಟು ಕಳ್ಳತನ ವರದಿಯಾಯಿತು, ಎಷ್ಟು ಪತ್ತೆಯಾಯಿತು, ಎಷ್ಟು ಮಾಲು ವಾಪಸು ಬಂತು, ಎಷ್ಟು ಚಾರ್ಜ್‌ಶೀಟ್ ಬಾಕಿ ಎಂದೆಲ್ಲ ಅದರಲ್ಲಿರುತ್ತದೆ. ಬಸ್ ನಿಲ್ದಾಣದಲ್ಲಿ ಹೋದ ಫೋನು ಸುಲಭಕ್ಕೆ ಪತ್ತೆಯಾಗುವುದಲ್ಲ. ಎಫ್‌ಐಆರ್ ಹಾಕಿದರೆ ‘ವರದಿ’ಯ ಕಾಲಮ್ಮಿಗೆ ಒಂದು ಸೇರುತ್ತದೆ, ‘ಪತ್ತೆ’ಯ ಕಾಲಮ್ಮಿಗೆ ಏನೂ ಸೇರುವುದಿಲ್ಲ. ಶೇಕಡಾವಾರು ಇಳಿಯುತ್ತದೆ, ಇನ್‌ಸ್ಪೆಕ್ಟರ್ ಎದ್ದುನಿಂತು ಸಮಜಾಯಿಷಿ ಕೊಡಬೇಕಾಗುತ್ತದೆ. ಇ-ಲಾಸ್ಟ್‌ನಲ್ಲಿ ಹಾಕಿಸಿಬಿಟ್ಟರೆ ಎರಡು ಕಾಲಮ್ಮಿಗೂ ಸೋಂಕಿಲ್ಲ. ನಿಮಗೆ ಹಾಗೆ ಹೇಳಿದ ರೈಟರ್, ಅಂದರೆ ಠಾಣೆಯಲ್ಲಿ ದೂರು ಬರೆದುಕೊಳ್ಳುವವರು, ಕೆಟ್ಟವರೇ ಇರಬೇಕೆಂದಿಲ್ಲ. ತಮ್ಮ ಠಾಣೆಯ ಲೆಕ್ಕ ಕೆಡದ ಹಾಗೆ ನೋಡಿಕೊಂಡಿದ್ದಾರೆ, ಅಷ್ಟೆ. ಆದರೆ ಅದರಿಂದ ಆಗುವ ನಷ್ಟ ದೊಡ್ಡದು, ಅದು ನಿಮ್ಮ 18,000ಕ್ಕೆ ನಿಲ್ಲುವುದೂ ಇಲ್ಲ.

ಇ-ಲಾಸ್ಟ್ ಒಳ್ಳೆಯ ಸೌಲಭ್ಯವೇ. ಅಂಕಪಟ್ಟಿ, ಆರ್‌ಸಿ ಪುಸ್ತಕ ಎಲ್ಲೋ ಬಿದ್ದುಹೋದಾಗ ಮನೆಯಲ್ಲೇ ಕೂತು ಸ್ವೀಕೃತಿ ಪಡೆಯಬಹುದು. ಅದರ ಮೇಲೆ ಯಾರೂ ತನಿಖೆ ಮಾಡುವುದಿಲ್ಲ, ಅದು ತನಿಖೆಗಾಗಿ ಮಾಡಿದ್ದೂ ಅಲ್ಲ. ಒಂದೇ ವಾರದಲ್ಲಿ ಅದೇ ನಿಲ್ದಾಣದಲ್ಲಿ ಹತ್ತು ಫೋನು ಹೋಗಿ, ಹತ್ತಕ್ಕೂ ಎಫ್‌ಐಆರ್ ಆಗಿದ್ದರೆ, ‘ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ, ಇಂಥ ರೂಟಿನ ಬಸ್ಸು’ ಎಂದು ಯಾರ ಕಣ್ಣಿಗಾದರೂ ಬೀಳುತ್ತದೆ, ಮಫ್ತಿಯಲ್ಲಿ ಇಬ್ಬರನ್ನು ನಿಲ್ಲಿಸುತ್ತಾರೆ. ಹತ್ತೂ ‘ಕಳೆದುಹೋದ’ವುಗಳಾದರೆ ಆ ನಿಲ್ದಾಣದಲ್ಲಿ ಕಳ್ಳತನವೇ ಇಲ್ಲ ಎಂದು ದಾಖಲೆ ಹೇಳುತ್ತದೆ. ಜೇಬುಗಳ್ಳನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೆ?

ಕಾನೂನು ನಿಮ್ಮ ಪರವಾಗಿದೆ. ಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಈಗ ಇದಕ್ಕೆ ಆಧಾರ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅದರಲ್ಲಿ ಅವಕಾಶವಿದೆ. ದೂರನ್ನು ಮುಟ್ಟದೆ ವಾಪಸು ಕಳಿಸಲು ಅವಕಾಶವಿಲ್ಲ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ‘ಹಳೇ ಫೋನ್ ತಾನೆ, ನಾಲ್ಕು ಸಾವಿರ ಅಂತ ಬರೀರಿ’ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಬಿಲ್ಲು, ಐಎಂಇಐ (ಫೋನಿನ ಗುರುತಿನ) ಸಂಖ್ಯೆಯಿರುವ ಡಬ್ಬಿ ತೆಗೆದುಕೊಂಡು ಹೋಗಿ. ಹೊಸದಾಗಿ ದೂರು ಬರೆಯಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಬಸ್ಸು, ಠಾಣೆಯಲ್ಲಿ ಹೇಳಿದ್ದಕ್ಕೆ ಮೊದಲು ಇ-ಲಾಸ್ಟ್‌ನಲ್ಲಿ ಹಾಕಿದ್ದು, ವಾಸ್ತವದಲ್ಲಿ ಕಳುವಾದದ್ದು. ತಡವಾದದ್ದಕ್ಕೆ ಕಾರಣ ದೂರಿನಲ್ಲೇ ಇರಲಿ, ನಾಳೆ ಕೋರ್ಟಿನಲ್ಲಿ ಅದನ್ನೇ ಮೊದಲು ಕೇಳುತ್ತಾರೆ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ದೂರು ತೆಗೆದುಕೊಳ್ಳುವುದಿಲ್ಲ ಎಂದರೆ ಹಿಂಬರಹ, ಅಂದರೆ ಅದನ್ನೇ ಬರಹದಲ್ಲಿ ಕೊಡಿ ಎಂದು ಕೇಳಿ. ಹಿಂಬರಹ ಕೇಳಿದೊಡನೆ ಎಷ್ಟೋ ಸಲ ಮಾತಿನ ಧಾಟಿ ಬದಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ನಗರ ಪೊಲೀಸ್ ಆಯುಕ್ತರ ಕಚೇರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ. ಆಮೇಲಿನ ದಾರಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ಇಷ್ಟರ ನಡುವೆ ಕಳೆದ, ಕಳವಾದ ಫೋನುಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್ಲಿನಲ್ಲಿ ಫೋನನ್ನು ಬ್ಲಾಕ್ ಮಾಡಿಸುವುದು ಮರೆಯಬೇಡಿ.

ಪ್ರಶ್ನೆ: ಎಫ್‌ಐಆರ್ ಆದ ಮೇಲೆ ಕೇಸು ಏನಾಯಿತು ಎಂದು ತಿಳಿಯಲು ಪ್ರತಿ ಸಲವೂ ಠಾಣೆಗೆ ಹೋಗಬೇಕೇ?
— ಓದುಗರು, ಪಾಂಡವಪುರ

ಉತ್ತರ: ಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಹೊಣೆ. ಸಂಹಿತೆಯ 193ನೇ ಕಲಂ ಓದಿ, ಮೊಬೈಲ್ ಸಂದೇಶದಲ್ಲೂ ತಿಳಿಸಬಹುದು ಎಂದಿದೆ. ಕೇಸು ಕೋರ್ಟಿಗೆ ಹೋದ ಮೇಲೆ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ, ಅಂದರೆ ಕೇಸಿನ ಗುರುತಿನ ಸಂಖ್ಯೆ ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ಕಾಣುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಅಪರಾಧ ಹೆಚ್ಚಾಗಿದೆ ಎಂದು ಒಬ್ಬರು, ಶಿಕ್ಷೆಯ ಪ್ರಮಾಣವೂ ಹೆಚ್ಚಿದೆ ಎಂದು ಇನ್ನೊಬ್ಬರು ಭಾಷಣ ಮಾಡುತ್ತಾರೆ. ಯಾವುದನ್ನು ನಂಬಬೇಕು?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ಎರಡೂ ಸಂಖ್ಯೆ ಸರಿಯಿದ್ದು ಎರಡೂ ಅರ್ಥ ತಪ್ಪಿರಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ವರ್ಷ ವರ್ಷ ಪ್ರಕಟಿಸುವುದು ಠಾಣೆಗಳಲ್ಲಿ ದಾಖಲಾದ ಕೇಸುಗಳ ಲೆಕ್ಕವನ್ನು. ಅಪರಾಧ ಹೆಚ್ಚುವುದು ಬೇರೆ, ದಾಖಲಾತಿ ಹೆಚ್ಚುವುದು ಬೇರೆ ಎಂದು ಬ್ಯೂರೊ ತಾನೇ ಎಚ್ಚರಿಸುತ್ತದೆ. ಭಾಷಣಕ್ಕೆ ಬರುವಷ್ಟರಲ್ಲಿ ಆ ಎಚ್ಚರಿಕೆ ಉದುರಿಹೋಗಿರುತ್ತದೆ. ಇನ್ನೊಂದು ಸಂಗತಿ: ಒಂದೇ ಎಫ್‌ಐಆರ್‌ನಲ್ಲಿ ಕೊಲೆ, ದರೋಡೆ, ಮನೆಗೆ ನುಗ್ಗಿದ್ದು ಮೂರೂ ಇದ್ದರೆ ಲೆಕ್ಕಕ್ಕೆ ಬರುವುದು ಕೊಲೆ ಒಂದೇ.

ಕೇರಳವನ್ನು ನೋಡಿ. ಲಕ್ಷ ಜನಸಂಖ್ಯೆಗೆ ಎಷ್ಟು ಅಪರಾಧ ಎಂಬ ಪಟ್ಟಿಯಲ್ಲಿ ಅದು ಸದಾ ಮೇಲಿನ ಸಾಲಿನಲ್ಲಿರುತ್ತದೆ. ಅಲ್ಲಿ ಜನ ಠಾಣೆಗೆ ಹೋಗುತ್ತಾರೆ, ಹೋದದ್ದು ದಾಖಲಾಗುತ್ತದೆ, ದಾಖಲಾದದ್ದರಲ್ಲಿ ಶೇ 90ಕ್ಕೂ ಹೆಚ್ಚು ಕೇಸಿಗೆ ಚಾರ್ಜ್‌ಶೀಟ್ ಬೀಳುತ್ತದೆ. ಹಾಗಾಗಿ ಮಂಡ್ಯದ ಯಾವುದಾದರೂ ಠಾಣೆಯಲ್ಲಿ ಕೌಟುಂಬಿಕ ದೌರ್ಜನ್ಯದ ಕೇಸು ಒಂದು ವರ್ಷದಲ್ಲಿ ದುಪ್ಪಟ್ಟಾದರೆ ನಾನು ಮೊದಲು ಕೇಳುವುದು, ಅಲ್ಲಿಗೆ ಹೊಸದಾಗಿ ಯಾರು ಬಂದರು ಎಂದು. ಹೆಣ್ಣುಮಕ್ಕಳನ್ನು ಕೂರಿಸಿ ಮಾತು ಕೇಳುವ ಪಿಎಸ್‌ಐ ಒಬ್ಬರು ಬಂದಿದ್ದರೂ ಸಂಖ್ಯೆ ಏರುತ್ತದೆ.

ಶಿಕ್ಷೆಯ ಪ್ರಮಾಣದ ಮಾತಿಗೆ ಬಂದರೆ, ದೇಶದಲ್ಲಿ 2022ರಲ್ಲಿ ಐಪಿಸಿ, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ ಕೇಸುಗಳಲ್ಲಿ ಅದು ಶೇ 54ರ ಆಸುಪಾಸಿನಲ್ಲಿತ್ತು. ನೂರು ದೂರಿನಲ್ಲಿ 54ಕ್ಕೆ ಶಿಕ್ಷೆಯಾಯಿತು ಎಂದು ಓದಿಕೊಳ್ಳುವವರೇ ಹೆಚ್ಚು. ಅದು ಆ ವರ್ಷ ತೀರ್ಪು ಬಂದ ಕೇಸುಗಳ ಪೈಕಿ ಮಾತ್ರ. ವರ್ಷದ ಕೊನೆಗೆ ಹತ್ತರಲ್ಲಿ ಸುಮಾರು ಒಂಬತ್ತು ಕೇಸು ಕೋರ್ಟಿನಲ್ಲಿ ಬಾಕಿಯೇ ಇರುತ್ತವೆ. ಠಾಣೆಯ ಮಟ್ಟದಲ್ಲೇ ‘ಸಿ’ ರಿಪೋರ್ಟ್ ಆಗಿ, ಅಂದರೆ ಪತ್ತೆಯಾಗದೆ ಮುಚ್ಚಿಹೋದವು ಅದರಲ್ಲಿಲ್ಲ. ದಾಖಲಾಗದವು ಯಾವುದರಲ್ಲೂ ಇಲ್ಲ.

ರಾಜ್ಯಗಳ ನ್ಯಾಯ ವ್ಯವಸ್ಥೆಗೆ ಅಂಕ ಕೊಡುವ ಇಂಡಿಯಾ ಜಸ್ಟಿಸ್ ರಿಪೋರ್ಟ್‌ನಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ 2022ರಲ್ಲೂ 2025ರಲ್ಲೂ ಮೊದಲ ಸ್ಥಾನದಲ್ಲಿದೆ. ಹೆಮ್ಮೆ ಪಡಬೇಕಾದದ್ದೇ. ಆದರೆ ಅದು ಮುಖ್ಯವಾಗಿ ಅಳೆಯುವುದು ಸಿಬ್ಬಂದಿ, ಖಾಲಿ ಹುದ್ದೆ, ಅನುದಾನ, ಕಟ್ಟಡ ಇಂಥವನ್ನು. ಕುವೆಂಪುನಗರದ ಆ ತಾಯಿ ಠಾಣೆಯ ಬಾಗಿಲಿಂದ ಹಿಂದಿರುಗಿದ್ದು ಅದರಲ್ಲಿ ಕಾಣುವುದಿಲ್ಲ. ಅದು ಕಾಣಬೇಕಾದರೆ ಮನೆ ಮನೆಗೆ ಹೋಗಿ ‘ನಿಮಗೆ ಏನಾಯಿತು, ಠಾಣೆಗೆ ಹೋದಿರಾ, ಬರೆದುಕೊಂಡರಾ’ ಎಂದು ಕೇಳಬೇಕು. ಇಂಗ್ಲೆಂಡಿನಲ್ಲಿ 1982ರಿಂದ ಇಂಥ ಸಮೀಕ್ಷೆ ನಡೆಯುತ್ತಿದೆ. ಮಂಡ್ಯದಲ್ಲಿ ಸಾವಿರ ಮನೆಗೆ ಹೋಗಿ ಇದನ್ನು ಕೇಳಿ ಬರುವುದು ಒಂದು ಸರ್ಕಾರಕ್ಕೆ ದೊಡ್ಡ ಖರ್ಚೂ ಅಲ್ಲ. ನನಗಂತೂ ಬಹಳ ದಿನದಿಂದ ಇರುವ ಆಸೆ ಇದು.

ಪ್ರಶ್ನೆ: ಪೊಲೀಸರಿಗೂ ಕೋರ್ಟಿಗೂ ಇಷ್ಟು ಕೇಸು ಎಂದು ಗುರಿ ಇಡುವುದೇ ತಪ್ಪು ಎನ್ನುವ ಹಾಗೆ ನೀವು ಹಿಂದೆಯೂ ಬರೆದಿದ್ದಿರಿ. ಗುರಿ ಇಲ್ಲದಿದ್ದರೆ ಸರ್ಕಾರಿ ನೌಕರರು ಕೆಲಸ ಮಾಡುತ್ತಾರೆಯೇ?
— ಕಾನೂನು ವಿದ್ಯಾರ್ಥಿ, ಮೈಸೂರು

ಉತ್ತರ: ನ್ಯಾಯವಾದ ಪ್ರಶ್ನೆ. ಗುರಿಯೇ ಬೇಡ ಎನ್ನುವವನಲ್ಲ ನಾನು. ಯಾವುದನ್ನು ಎಣಿಸುತ್ತೀರೋ ಜನ ಅದನ್ನು ತಂದು ಕೊಡುತ್ತಾರೆ, ಆದ್ದರಿಂದ ಎಣಿಸುವ ಮುಂಚೆ ಯೋಚಿಸಿ ಎನ್ನುತ್ತೇನೆ.

ಇದನ್ನು ಪೂರ್ತಿ ಅನುಭವಿಸಿ ನೋಡಿದ್ದು ಇಂಗ್ಲೆಂಡ್ ಮತ್ತು ವೇಲ್ಸ್. 2002ರಲ್ಲಿ ಅಲ್ಲಿನ ಸರ್ಕಾರ ‘ನ್ಯಾಯದ ಮುಂದೆ ತಂದ ಅಪರಾಧಗಳ’ ಸಂಖ್ಯೆ ಇಷ್ಟಾಗಬೇಕು ಎಂದು ಗುರಿ ಇಟ್ಟಿತು. ಆಮೇಲೆ ಅದನ್ನು 2007–08ರ ಹೊತ್ತಿಗೆ 12.5 ಲಕ್ಷಕ್ಕೆ ಏರಿಸಿತು. ಗುರಿ ಅವಧಿಗೆ ಮುಂಚೆಯೇ ಮುಟ್ಟಿತು. ಹೇಗೆ? ಆ ಲೆಕ್ಕದಲ್ಲಿ ಕೊಲೆಯೂ ಒಂದು, ಗಾಂಜಾ ಸೇದಿದ ಹುಡುಗನಿಗೆ ಕೊಟ್ಟ ಎಚ್ಚರಿಕೆಯೂ ಒಂದು. ಕೊಲೆ ಪತ್ತೆಗೆ ತಿಂಗಳುಗಟ್ಟಲೆ ಬೇಕು, ಹುಡುಗನಿಗೆ ಚೀಟಿ ಹರಿದು ಕೊಡಲು ಹತ್ತು ನಿಮಿಷ ಸಾಕು. ಮೊದಲಾಗಿದ್ದರೆ ಹೆಡ್‌ಮಾಸ್ತರರು ಗದರಿಸಿ ಬಿಡುತ್ತಿದ್ದ ಮಕ್ಕಳ ಜಗಳವೂ ಪೊಲೀಸ್ ದಾಖಲೆಗೆ ಏರಿತು. 2008ರಲ್ಲಿ ಗಂಭೀರ ಅಪರಾಧಗಳ ಕಡೆಗೆ ಗುರಿಯನ್ನು ತಿದ್ದಿದರು. 2010ರಲ್ಲಿ ಗೃಹ ಸಚಿವೆಯಾದ ತೆರೇಸಾ ಮೇ ರಾಷ್ಟ್ರಮಟ್ಟದ ಪೊಲೀಸ್ ಗುರಿಗಳನ್ನು ಕೈಬಿಟ್ಟರು. ಅಷ್ಟರಲ್ಲಿ ಅಭ್ಯಾಸ ಬೇರುಬಿಟ್ಟಿತ್ತು. 2014ರಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರ ಪೊಲೀಸರ ಅಪರಾಧ ಸಂಖ್ಯೆಗಳಿಗಿದ್ದ ಅಧಿಕೃತ ಮುದ್ರೆಯನ್ನೇ ಹಿಂತೆಗೆದುಕೊಂಡಿತು. ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಶೇ 19ರಷ್ಟು ದಾಖಲಾಗುತ್ತಿಲ್ಲ ಎಂದು ಅದೇ ವರ್ಷ ಪೊಲೀಸ್ ತಪಾಸಣಾಧಿಕಾರಿಗಳು ಕಂಡುಕೊಂಡರು.

ನಮ್ಮಲ್ಲಿಯ ಪೆಟ್ಟಿ ಕೇಸುಗಳನ್ನು ನೆನೆಸಿಕೊಳ್ಳಿ. ರಸ್ತೆಬದಿಯ ಇಸ್ಪೀಟು, ಬಸ್ ನಿಲ್ದಾಣದಲ್ಲಿ ಬೀಡಿ, ಹೆಲ್ಮೆಟ್. ನಾನು ಕೆಲಸ ಮಾಡಿದ ಕೋರ್ಟುಗಳಲ್ಲಿ ಇಂಥವರು ಸಾಲಾಗಿ ನಿಂತು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಿದ್ದರು. ಕಾಗದದ ಮೇಲೆ ಅದೂ ಕೇಸು, ಅದೂ ಶಿಕ್ಷೆ. ತಿಂಗಳ ಕೊನೆಯ ವಾರ ಆ ಸಾಲು ಉದ್ದವಾಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ.

ಕಾಲಮಿತಿಯೂ ಒಂದು ಗುರಿಯೇ. ಬಂಧಿತರಿದ್ದಾಗ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಮನುಷ್ಯನನ್ನು ಸುಮ್ಮನೆ ಒಳಗೆ ಕೊಳೆಸಬಾರದು ಎಂಬ ಆ ಮಿತಿ ಸರಿಯಾದದ್ದು, ಅದನ್ನು ಸಡಿಲಿಸಬೇಕೆಂದು ನಾನು ಎಂದೂ ಹೇಳುವುದಿಲ್ಲ. ಆದರೆ 89ನೇ ದಿನ ನನ್ನ ಮೇಜಿಗೆ ಬರುತ್ತಿದ್ದ ಚಾರ್ಜ್‌ಶೀಟುಗಳಲ್ಲಿ ‘ಎಫ್‌ಎಸ್‌ಎಲ್ ವರದಿ ನಂತರ ಸಲ್ಲಿಸಲಾಗುವುದು’ ಎಂಬ ಸಾಲು ಎಷ್ಟು ಸಲ ಓದಿದೆನೋ. ಎಫ್‌ಎಸ್‌ಎಲ್ ಅಂದರೆ ವಿಧಿವಿಜ್ಞಾನ ಪ್ರಯೋಗಾಲಯ. ಮಹಜರಿಗೆ ಸಹಿ ಹಾಕಿದ ಪಂಚರ ವಿಳಾಸ ಅರ್ಧ, ಕಣ್ಣಾರೆ ಕಂಡವರ ಹೇಳಿಕೆ ಎಲ್ಲರದೂ ಒಂದೇ ವಾಕ್ಯ. ಗುರಿ ಮುಟ್ಟಿತು, ಮೂರು ವರ್ಷದ ಮೇಲೆ ಕೇಸು ಬಿತ್ತು. ಈಗ ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಮೈಸೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯವಿದೆ. ನೀವು ಮುಂದೆ ವಕೀಲರಾದಾಗ, ಸರ್ಕಾರದವರು ತಜ್ಞರ ಭೇಟಿಗಳನ್ನಷ್ಟೇ ಎಣಿಸುತ್ತಾರೋ, ಅವರ ವರದಿ ಸಾಕ್ಷ್ಯದ ವೇಳೆಗೆ ಕೋರ್ಟಿಗೆ ಬಂತೋ ಎಂದೂ ನೋಡುತ್ತಾರೋ, ಗಮನಿಸಿ.

ಪ್ರಶ್ನೆ: ಹೊಡೆದಾಟದ ಕೇಸೊಂದರಲ್ಲಿ ನಾನು ಸಾಕ್ಷಿ. ಐದು ಸಲ ಸಮನ್ಸ್ ಬಂತು, ಐದು ಸಲವೂ ಕೂಲಿ ಬಿಟ್ಟು ಹೋದೆ. ಸಂಜೆಯವರೆಗೂ ಕೂರಿಸಿ ‘ಇನ್ನೊಂದಿನ ಬಾಪ್ಪ’ ಅಂತಾರೆ. ಸರ್ಕಾರ ಬೇಗ ತೀರ್ಪು ಅನ್ನುತ್ತೆ. ಇನ್ನು ಹೋಗದೆ ಇದ್ದರೆ ಏನಾಗುತ್ತೆ?
— ಕೃಷಿ ಕಾರ್ಮಿಕರು, ಕೆ.ಆರ್. ಪೇಟೆ ತಾಲ್ಲೂಕು

ಉತ್ತರ: ಹೋಗದಿದ್ದರೆ ವಾರಂಟ್ ಆಗಬಹುದು ಅಣ್ಣ, ಅದು ಮಾತ್ರ ಬೇಡ. ಆದರೆ ನಿಮ್ಮ ಬೇಸರ ನೂರಕ್ಕೆ ನೂರು ಸರಿ. ಐದು ದಿನದ ಕೂಲಿಯನ್ನು ಕೋರ್ಟಿನ ಜಗಲಿಯ ಮೇಲೆ ಕಳೆದ ನಿಮ್ಮ ಮುಂದೆ, ಆ ವ್ಯವಸ್ಥೆಯ ಭಾಗವಾಗಿದ್ದ ನನಗೆ ತಲೆ ತಗ್ಗುತ್ತದೆ.

ನ್ಯಾಯಾಧೀಶರಿಗೂ ಗುರಿ ಉಂಟು. ಅತ್ಯಾಚಾರ ಮತ್ತು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಕೇಸುಗಳಿಗೆಂದು 2019ರಲ್ಲಿ ಶುರುವಾದ ತ್ವರಿತಗತಿ ವಿಶೇಷ ನ್ಯಾಯಾಲಯಗಳು ತಲಾ ವರ್ಷಕ್ಕೆ 165 ಕೇಸು ಮುಗಿಸಬೇಕೆಂದು ನಿರೀಕ್ಷೆಯಿದೆ. ಮಧ್ಯಪ್ರದೇಶದಲ್ಲಿ ಪ್ರತಿ ಕೋರ್ಟೂ ತನ್ನ ಹಳೆಯ 25 ಕೇಸುಗಳನ್ನು ಮೂರು ತಿಂಗಳಲ್ಲಿ ಮುಗಿಸಿ ಎಂದು ಹೈಕೋರ್ಟ್ ಸೂಚಿಸಿದಾಗ, ತಯಾರಿಗೆ ಸಮಯವೇ ಸಿಗುತ್ತಿಲ್ಲ ಎಂದು 2023ರಲ್ಲಿ ವಕೀಲರು ಕಲಾಪದಿಂದ ಹೊರಗುಳಿದರು. ಎಷ್ಟು ಕೇಸು ಮುಗಿಯಿತು ಎಂದು ಎಲ್ಲರೂ ಎಣಿಸುತ್ತಾರೆ. ಎಷ್ಟು ಸಾಕ್ಷಿಗಳನ್ನು ವಿಚಾರಿಸದೆ ವಾಪಸು ಕಳಿಸಿದರು ಎಂಬ ಲೆಕ್ಕ ಯಾವ ಮೀಟಿಂಗಿನಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಸಾಕ್ಷಿ ಐದನೇ ಸಲಕ್ಕೆ ಸುಸ್ತಾಗಿ ‘ನಂಗೇನೂ ಗೊತ್ತಿಲ್ಲ ಸ್ವಾಮಿ’ ಅಂದುಬಿಟ್ಟರೆ ಕೇಸು ಬೀಳುತ್ತದೆ, ಬಿದ್ದ ಕೇಸೂ ‘ಮುಗಿದ ಕೇಸು’ ಎಂದೇ ಎಣಿಕೆಗೆ ಸೇರುತ್ತದೆ.

ಸಾಕ್ಷಿ ಹಾಜರಿದ್ದಾಗ, ಲಿಖಿತವಾಗಿ ವಿಶೇಷ ಕಾರಣ ದಾಖಲಿಸದೆ ವಿಚಾರಣೆ ಮುಂದೂಡುವಂತಿಲ್ಲ ಎನ್ನುತ್ತದೆ ಸಂಹಿತೆಯ 346ನೇ ಕಲಂ. ಮುಂದಿನ ಸಲ ಹೋದಾಗ ಬೆಳಿಗ್ಗೆಯೇ ಎಪಿಪಿ, ಅಂದರೆ ಸರ್ಕಾರಿ ವಕೀಲರನ್ನು ಕಂಡು ‘ಇದು ಆರನೇ ಸಲ, ನಾನು ಬಂದಿದ್ದೇನೆಂದು ಆರ್ಡರ್ ಶೀಟ್‌ನಲ್ಲಿ ಬರೆಸಿ’ ಎನ್ನಿ. ಕೇಸು ಕೂಗಿದಾಗ ಎದ್ದು ನಿಂತು ನ್ಯಾಯಾಧೀಶರಿಗೇ ಹೇಳಬಹುದು, ಹೆದರಬೇಡಿ. ನನಗೆ ಗೊತ್ತಿದ್ದ ಹೆಚ್ಚಿನ ನ್ಯಾಯಾಧೀಶರು ಅಂಥ ಸಾಕ್ಷಿಯನ್ನು ಊಟದ ಹೊತ್ತಿಗೆ ಮುಂಚೆ ಮುಗಿಸಿ ಕಳಿಸುತ್ತಿದ್ದರು. ಆರೋಪಿ ಕಡೆಯವರಿಂದ ಭಯವಿದ್ದರೆ ಅದನ್ನೂ ಅಲ್ಲೇ ಹೇಳಿ, ಸಾಕ್ಷಿ ರಕ್ಷಣೆಗೆ ಯೋಜನೆ ಇದೆ. ಸಾಕ್ಷಿ ಬತ್ತೆಯನ್ನು ಕೇಳಿ ಪಡೆಯಿರಿ, ಅದು ಯಾರ ದಾನವೂ ಅಲ್ಲ. ಏನೂ ದಾರಿ ಕಾಣದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಐದು ಸಲದ ಸಮನ್ಸು, ಬಸ್ ಟಿಕೆಟ್ಟು ಇನ್ನೂ ಇದ್ದರೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಅದನ್ನೂ ತೆಗೆದುಕೊಂಡು ಹೋಗಿ.